ಪದಚರ್ಚೆ: ‘ಏಜಿಸಂ’ಗೆ ಕನ್ನಡದಲ್ಲಿ ಏನೆನ್ನೋಣ? (ಶುಕ್ರವಾರ ಅಚ್ಚಿಗೆ ಹೋಗಬೇಕು)

ಮಂಗಳೂರಿನಿಂದ:

ಬಲ್ಲವರು ದಯವಿಟ್ಟು ಬೇಗ ತಿಳಿಸಿ. ನರ್ಸಿಂಗ್ ಮತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳು ವಯಸ್ಸಾದ ರೋಗಿಗಳನ್ನು ಹೇಗೆ ಕಾಣುತ್ತಾರೆಂದು ಅಳೆಯುವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮೂಲ, ಮನೋವಿಜ್ಞಾನಿ ನೇಥನ್ ಕೋಗನ್ ಅವರ 1961ರ ಮಾಪನ. 34 ಹೇಳಿಕೆಗಳು, ಅರ್ಧ ಮೆಚ್ಚುವಂಥವು, ಅರ್ಧ ಹಳಿಯುವಂಥವು. ಹಾಳೆಯ ತಲೆಬರಹಕ್ಕೂ ಕಾರ್ಯಾಗಾರದ ಬ್ಯಾನರಿಗೂ ‘ಏಜಿಸಂ’ಗೆ, ಅಂದರೆ ವಯಸ್ಸೊಂದನ್ನೇ ನೋಡಿ ಒಬ್ಬರನ್ನು ಬೇರೆಯಾಗಿ ಕಾಣುವುದಕ್ಕೆ, ಒಂದು ಪದ ಬೇಕು. ಕರಡಿನಲ್ಲಿ ‘ವಯೋತಾರತಮ್ಯ’ ಎಂದಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಇದನ್ನು ಮೂರಾಗಿ ಬಿಡಿಸುತ್ತದೆ: ವಯಸ್ಸಿನ ಬಗ್ಗೆ ಹೇಗೆ ಯೋಚಿಸುತ್ತೇವೆ, ಒಳಗೆ ಏನನಿಸುತ್ತದೆ, ಹೇಗೆ ನಡೆದುಕೊಳ್ಳುತ್ತೇವೆ. ‘ತಾರತಮ್ಯ’ ಕೊನೆಯದಕ್ಕೆ ಮಾತ್ರ ಹೊಂದುತ್ತದಲ್ಲವೇ?

ಧಾರವಾಡದಿಂದ:

‘ವಯೋತಾರತಮ್ಯ’ ಅಶುದ್ಧ. ‘ವಯಃ’ ಎಂಬಲ್ಲಿನ ವಿಸರ್ಗದ ಮುಂದೆ ತಕಾರ ಬಂದರೆ ಸಕಾರವಾಗುತ್ತದೆ, ಓಕಾರವಾಗದು. ಮನಸ್ತಾಪ ಎನ್ನುತ್ತೇವೆ, ಮನೋತಾಪ ಎನ್ನುತ್ತೇವೆಯೇ? ವಯೋಮಿತಿ, ವಯೋವೃದ್ಧ ಸರಿ. ಬೇಕಿದ್ದರೆ ‘ವಯಸ್ತಾರತಮ್ಯ’ ಎನ್ನಿ. ಅದೂ ನನಗೆ ಒಪ್ಪಿಗೆಯಿಲ್ಲ. ತರ, ತಮ ಎಂಬ ಪ್ರತ್ಯಯಗಳಿಂದ ಹುಟ್ಟಿದ ತಾರತಮ್ಯಕ್ಕೆ ಹೆಚ್ಚು ಕಡಿಮೆಗಳ ಶ್ರೇಣಿ ಎಂದಷ್ಟೇ ಅರ್ಥ. ಮಾಧ್ವರ ದೇವತಾ ತಾರತಮ್ಯದಲ್ಲಿ ಅನ್ಯಾಯದ ಸುಳಿವೇ ಇಲ್ಲ. ‘ವಯೋಭೇದ’ ಇರಲಿ. ವರ್ಣಭೇದ, ಲಿಂಗಭೇದಗಳ ಸಾಲಿಗೆ ಸೇರುತ್ತದೆ.

ಸಾಗರದಿಂದ:

ಮತ್ತೆ ಸಂಸ್ಕೃತದ ಬಾಗಿಲನ್ನೇ ಏಕೆ ತಟ್ಟಬೇಕು? ಮುದು ಎಂಬುದರಿಂದ ಮುಪ್ಪು, ಮುದುಕ, ಮುದಿತನ ಎಲ್ಲ ನಮ್ಮಲ್ಲೇ ಇವೆ. ‘ಮುಪ್ಪಿನ ಕಡೆಗಣಿಕೆ’ ಎನ್ನಿ. ಕಡೆಗಣಿಸುವುದರಲ್ಲಿ ಇರುವುದು ಗಣನೆಯಲ್ಲ, ಕಣ್ಣು. ಕಡೆ, ಕಣ್ ಸೇರಿ ಕಡೆಗಣ್. ಓರೆಗಣ್ಣಲ್ಲಿ ನೋಡಿ ಬಿಟ್ಟುಬಿಡುವುದು. ವಾರ್ಡಿನಲ್ಲಿ ಆಗುವುದೂ ಅದೇ.

ಧಾರವಾಡದಿಂದ:

ಹೊಂದದು. ಚಿಕ್ಕವಯಸ್ಸಿನವಳೆಂದು ಹೊಸ ನರ್ಸಿನ ಮಾತನ್ನು ತಳ್ಳಿಹಾಕುವುದೂ ಏಜಿಸಂ. ಅಲ್ಲಿ ಮುಪ್ಪು ಎಲ್ಲಿದೆ?

ಮೈಸೂರಿನಿಂದ:

ಸಾಗರದವರ ಪದಕ್ಕೆ ಇನ್ನೊಂದು ತೊಡಕಿದೆ. ವಿದ್ಯಾರ್ಥಿಗಳಲ್ಲಿ ಹೆಚ್ಚು ಕಾಣುವುದು ಕಡೆಗಣಿಕೆಯಲ್ಲ, ಅತಿ ಅಕ್ಕರೆ. ತಾನೇ ಉಣ್ಣಬಲ್ಲವರಿಗೆ ತುತ್ತಿಡುವುದು, ಕೈಹಿಡಿದರೆ ಬಚ್ಚಲಿಗೆ ನಡೆಯಬಲ್ಲವರಿಗೆ ಡೈಪರ್ ಹಾಕುವುದು, ಮಂಚದ ಮೇಲೆ ಅಜ್ಜ ಎಚ್ಚರವಾಗಿ ಕೂತಿರುವಾಗ ಮಗನ ಕಡೆ ತಿರುಗಿ ‘ಅಜ್ಜಂಗೆ ಊಟ ಸೇರುತ್ತಾ?’ ಎಂದು ಕೇಳುವುದು. ಕಿವಿ ಮಂದವೆಂದು ಕಿರುಚುತ್ತಾರೆ. ವಯಸ್ಸಾದಂತೆ ಮೊದಲು ಕುಗ್ಗುವುದು ಏರುಸ್ವರ ಹಿಡಿಯುವ ಶಕ್ತಿ. ಕಿರುಚಿದಷ್ಟೂ ಮಾತು ಕಲಸಿಹೋಗುತ್ತದೆ. ಎದುರಿಗೆ, ಮುಖಕ್ಕೆ ಬೆಳಕು ಬೀಳುವಂತೆ ಕೂತು, ತಗ್ಗಿದ ದನಿಯಲ್ಲಿ ನಿಧಾನವಾಗಿ ಆಡಬೇಕು.

ಪ್ರಶ್ನಾವಳಿಗೆ ಬ್ಯಾನರಿನ ಪದಕ್ಕಿಂತ ‘ಓಲ್ಡ್ ಪೀಪಲ್’ ಎಂಬುದರ ಅನುವಾದ ಮುಖ್ಯ. ‘ಹಿರಿಯರು’ ಎಂದಿರೋ, ಗೌರವ ಆ ಪದದಲ್ಲೇ ಕೂತಿರುವುದರಿಂದ ಹಳಿಯುವ ಹೇಳಿಕೆಗೆ ಒಪ್ಪಿಗೆ ಒತ್ತಲು ಯಾರ ಕೈಯೂ ಏಳುವುದಿಲ್ಲ. ಅಂಕ ಸುಮ್ಮನೆ ಚೆನ್ನಾಗಿ ಬರುತ್ತದೆ. ‘ಮುದುಕರು’ ಎಂದರೆ ತದ್ವಿರುದ್ಧ. ‘ವೃದ್ಧರು’ ಎಂದರೆ ಆಶ್ರಮ ನೆನಪಾಗುತ್ತದೆ. ‘ವಯಸ್ಸಾದವರು’ ಎಂದು 34ರಲ್ಲೂ ಒಂದೇ ಪದ ಇಡಿ. ಹೇಳಿಕೆಗಳು ಜೋಡಿಜೋಡಿಯಾಗಿರುವುದರಿಂದ ಮೆಚ್ಚುವ ಕಡೆ ‘ಹಿರಿಯರು’, ಹಳಿಯುವ ಕಡೆ ‘ಮುದುಕರು’ ಬಂದರೆ ಜೋಡಿ ಮುರಿಯುತ್ತದೆ. ಸೂಚನೆಯಲ್ಲಿ ‘60 ತುಂಬಿದವರು’ ಎಂದು ಸೇರಿಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಗೆರೆಯೂ ಅದೇ.

ಇನ್ನೊಂದು ತಪ್ಪು ಕನ್ನಡದಲ್ಲಿ ಸುಲಭವಾಗಿ ನುಸುಳುತ್ತದೆ. ‘ವಯಸ್ಸಾದವರು ಹೊಸದನ್ನು ಕಲಿಯಲಾರರು’ ಎಂಬ ಮಾದರಿಯ ಹೇಳಿಕೆಗೆ ‘ಒಪ್ಪುವುದಿಲ್ಲ’ ಎಂಬ ಆಯ್ಕೆ ಸೇರಿದರೆ ಎರಡು ನಿಷೇಧಗಳಾದವು. ಅವಸರದಲ್ಲಿರುವ ವಿದ್ಯಾರ್ಥಿ ತಿರುಗುಮುರುಗಾಗಿ ಗುರುತು ಹಾಕುತ್ತಾನೆ. ‘ಹೊಸದನ್ನು ಕಲಿಯುವುದು ವಯಸ್ಸಾದವರಿಗೆ ಕಷ್ಟ’ ಎಂದು ತಿರುಗಿಸಿ. ಹಾಳೆಯ ತಲೆಯಲ್ಲಿ ಮಾತ್ರ ವಯೋಭೇದವನ್ನೂ ಹಾಕಬೇಡಿ, ಏನನ್ನು ಅಳೆಯುತ್ತಿದ್ದೀರೆಂದು ತಿಳಿದ ಕೂಡಲೇ ಎಲ್ಲರೂ ಒಳ್ಳೆಯವರಾಗುತ್ತಾರೆ.

ಬೆಂಗಳೂರಿನಿಂದ:

ವಾರ್ಡಿನಲ್ಲಿ ಡ್ರಿಪ್, ಬಿಪಿ, ಕ್ಯಾತಿಟರ್ ಎನ್ನುವವರಿಗೆ ‘ಏಜಿಸಂ’ ಎಂದರೆ ಸಾಕಲ್ಲ?

ಸಾಗರದಿಂದ:

ಸಾಲದು. ಕ್ಯಾತಿಟರ್ ವಸ್ತು, ತೋರಿಸಿ ಕಲಿಸಬಹುದು. ಏಜಿಸಂ ನಡತೆ, ಹೆಸರು ತಿಳಿಯದಿದ್ದರೆ ಕಣ್ಣಿಗೇ ಬೀಳದು. ಇಂಗ್ಲಿಷಿನಲ್ಲೂ ಆ ಪದವನ್ನು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ಕಟ್ಟಿದ್ದು. ಅವರು ಕಟ್ಟಬಹುದಾದರೆ ನಾವೂ ಕಟ್ಟಬಹುದು.

ಮೈಸೂರಿನಿಂದ:

ಹೊಸ ಪದ ಕಟ್ಟುವ ಮೊದಲು ಒಂದು ಹಳೆಯ ಪದವನ್ನು ಕೈಬಿಡಿ: ‘ವಯೋಸಹಜ’. ಧಾರವಾಡದ ಸರ್ ಅದರ ಸಂಧಿಯನ್ನೂ ತಿದ್ದಬಹುದು, ಆದರೆ ಕೇಡಿರುವುದು ಅರ್ಥದಲ್ಲಿ. ನಿನ್ನೆ ಪೇಪರ್ ಓದುತ್ತಿದ್ದ 78ರ ರೋಗಿ ಇಂದು ಮಂಪರಿನಲ್ಲಿ ಬಡಬಡಿಸಿದರೆ ಅದು ವಯೋಸಹಜ ಮರೆವಲ್ಲ, ಡೆಲಿರಿಯಂ, ಅಂದರೆ ಬೇರೆ ಕಾರಣದಿಂದ ದಿಢೀರನೆ ಕವಿಯುವ ಗೊಂದಲ. ಮೂತ್ರದ ಸೋಂಕು, ಕಟ್ಟಿದ ಮೂತ್ರ, ಮಲಬದ್ಧತೆ, ಇಳಿದ ಸೋಡಿಯಂ, ಹೊಸದಾಗಿ ಶುರುಮಾಡಿದ ನಿದ್ದೆಗುಳಿಗೆ, ಒಂದೊಂದನ್ನೂ ನೋಡಬೇಕು. ‘ವಯೋಸಹಜ’ ಎಂದು ಬರೆದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಹಾಗೆಂದು ವಯಸ್ಸನ್ನು ಲೆಕ್ಕಕ್ಕೆ ತರುವುದೆಲ್ಲ ಭೇದವಲ್ಲ. ಮೂತ್ರಪಿಂಡದ ಶಕ್ತಿ ಅಳೆದು ಗುಳಿಗೆಯ ಪ್ರಮಾಣ ಇಳಿಸುವುದು ಸರಿಯಾದ ಚಿಕಿತ್ಸೆ. ಅಳೆಯದೆ, ವಯಸ್ಸೊಂದನ್ನೇ ನೋಡಿ ಚಿಕಿತ್ಸೆ ತಪ್ಪಿಸುವುದು ಭೇದ.

ಧಾರವಾಡದಿಂದ:

‘ವಯಸ್ಸಹಜ’ ಆಗಬೇಕಿತ್ತು. ಬಿಡಬೇಕೆಂಬುದನ್ನು ಒಪ್ಪುತ್ತೇನೆ.

ಸಾಗರದಿಂದ:

ಭೇದವೂ ಎರವಲೇ. ನನ್ನ ಒಪ್ಪಿಗೆ ಇಲ್ಲ.

ಮಂಗಳೂರಿನಿಂದ:

ಎಲ್ಲರಿಗೂ ಋಣಿ. ಬ್ಯಾನರಿಗೆ ‘ವಯೋಭೇದ’, ಹೇಳಿಕೆಗಳಿಗೆ ‘ವಯಸ್ಸಾದವರು’, ಹಾಳೆಗೆ ‘ವಯಸ್ಸಾದವರ ಆರೈಕೆ: ನಿಮ್ಮ ಅಭಿಪ್ರಾಯ’ ಎಂಬ ತಲೆಬರಹ. ‘ಲಾರರು’ ಇರುವ ಹೇಳಿಕೆಗಳನ್ನು ಇಂದೇ ತಿರುಗಿಸುತ್ತೇವೆ. ಮೂಲ ನೋಡದ ಒಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಹತ್ತು ವಿದ್ಯಾರ್ಥಿಗಳಿಗೆ ಓದಿಸಿ, ಎಲ್ಲಿ ತಡವರಿಸಿದರೆಂದು ಗುರುತುಹಾಕಿಕೊಂಡ ಮೇಲೆಯೇ ಅಚ್ಚಿಗೆ. ಶುಕ್ರವಾರ ದಾಟಿದರೆ ದಾಟಲಿ.