ರಾತ್ರಿಯಿಡೀ ಸೈಕಲ್ ತುಳಿಯುವವರ ಸಿನಿಮಾಗಳು: ನಿದ್ದೆ ಬಗ್ಗೆ ನಿಜ ತೋರಿಸುವುದು ಯಾವುದು?

ನಂದಿತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸೈಕಲ್ ಗುಂಪಿನಲ್ಲಿ ಕೆಲವರು ಮುಂದಿನ ಸೀಸನ್‌ಗೆ 600 ಕಿ.ಮೀ. ಬಿಆರ್‌ಎಂ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಮಾಡಬೇಕು ಅಂತ ಹೊರಟಿದ್ದೇವೆ. ಕಾಲಿನ ಬಗ್ಗೆ ಯಾರಿಗೂ ಭಯ ಇಲ್ಲ. ನಂದಿ ಬೆಟ್ಟ ಪಕ್ಕದಲ್ಲೇ ಇದೆ, ಹತ್ತಿ ಹತ್ತಿ ಕಾಲು ಗಟ್ಟಿಯಾಗಿವೆ. ಭಯ ಇರುವುದು ನಿದ್ದೆಯದು. 40 ಗಂಟೆ ಸಮಯ ಅಂದರೆ ಮಧ್ಯೆ ಒಂದು ಪೂರ್ತಿ ರಾತ್ರಿ ಬರುತ್ತದೆ, ಅದನ್ನು ಹೇಗೆ ಕಳೆಯುವುದು ಅನ್ನುವುದರಲ್ಲಿ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ಒಂದು ಭಾನುವಾರ ಸಂಜೆ ಮಹಡಿ ಮೇಲೆ ಪ್ರೊಜೆಕ್ಟರ್ ಹಾಕಿ ಎಲ್ಲರೂ ಸೇರಿ ಒಳ್ಳೆಯ ಸಾಕ್ಷ್ಯಚಿತ್ರ ನೋಡೋಣ ಅಂದುಕೊಂಡಿದ್ದೇವೆ. ಯೂಟ್ಯೂಬ್‌ನಲ್ಲಿ ಸಿಗುವ ಚಿಕ್ಕ ವಿಡಿಯೊಗಳು ನನಗೆ ಸಾಕಾಗಿವೆ. ರಾತ್ರಿ 11ಕ್ಕೆ ಸವಾರ ಕತ್ತಲೆಯೊಳಗೆ ಹೋಗುತ್ತಾನೆ, ಮುಂದಿನ ದೃಶ್ಯದಲ್ಲಿ ಸೂರ್ಯ ಹುಟ್ಟಿರುತ್ತಾನೆ. ಮಧ್ಯೆ ಏನಾಯಿತು? ಎಲ್ಲಿ ಮಲಗಿದ, ಎಷ್ಟು ಹೊತ್ತು ಮಲಗಿದ, ಎದ್ದಾಗ ಹೇಗಿದ್ದ? ನನಗೆ ಬೇಕಾಗಿರುವುದು ಅದೇ. ಯಾವ ಸಿನಿಮಾ ನೋಡಬೇಕು, ಅದರಿಂದ ನಮ್ಮಂಥವರು ಏನು ತೆಗೆದುಕೊಳ್ಳಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.

ಕ್ಯಾತ್ಸಂದ್ರ, ತುಮಕೂರು

ಒಳ್ಳೆಯ ಪ್ರಶ್ನೆ. ಸಿನಿಮಾ ಆರಿಸುವ ಮೊದಲು ಒಂದು ವಿಷಯ ತಿಳಿದಿರಬೇಕು. ಈ ಸಿನಿಮಾಗಳಲ್ಲಿ ಬರುವ ಸ್ಪರ್ಧೆಗಳು ಎರಡು ಥರ. ಎರಡರಲ್ಲೂ ನಿದ್ದೆಯ ಕಥೆ ಪೂರ್ತಿ ಬೇರೆ.

ಮೊದಲನೆಯದು ರೇಸ್ ಅಕ್ರಾಸ್ ಅಮೆರಿಕ, ಎಲ್ಲರೂ 'ರಾಮ್' ಅನ್ನುತ್ತಾರಲ್ಲ ಅದು. 1982ರಲ್ಲಿ ಬೇರೆ ಹೆಸರಿನಲ್ಲಿ ನಾಲ್ಕೇ ನಾಲ್ಕು ಜನರಿಂದ ಶುರುವಾಯಿತು. ಸುಮಾರು 4,800 ಕಿ.ಮೀ., ಒಂಟಿ ಸವಾರರಿಗೆ 12 ದಿನದ ಗಡುವು. ರಾತ್ರಿ ಹೊತ್ತು ಸವಾರನ ಬೆನ್ನಿಗೇ ಸಪೋರ್ಟ್ ವಾಹನ ಇರಬೇಕು. ಯಾವಾಗ ಮಲಗಬೇಕು, ಯಾವಾಗ ಏಳಬೇಕು ಅಂತ ತೀರ್ಮಾನ ಮಾಡುವುದು ಹೆಚ್ಚಾಗಿ ಆ ವಾಹನದಲ್ಲಿರುವವರೇ. ಆಸ್ಟ್ರಿಯಾದ ಕ್ರಿಸ್ಟೋಫ್ ಸ್ಟ್ರಾಸರ್ ಇದನ್ನು ಆರು ಸಲ ಗೆದ್ದವರು. 2014ರಲ್ಲಿ 7 ದಿನ 15 ಗಂಟೆ 56 ನಿಮಿಷಕ್ಕೆ ಮುಗಿಸಿದರು, ದಿನಕ್ಕೆ ಸುಮಾರು ಒಂದು ಗಂಟೆ ನಿದ್ದೆ ಅಷ್ಟೇ. ಸ್ಲೊವೇನಿಯಾದ ಸೈನಿಕ ಯೂರೆ ರೊಬಿಚ್ ಐದು ಸಲ ಗೆದ್ದವರು. ನಿದ್ದೆಗೆಟ್ಟು ಅವರಿಗೆ ಕುದುರೆ ಮೇಲೆ ಬಂದೂಕು ಹಿಡಿದವರು ಬೆನ್ನಟ್ಟಿ ಬರುವ ಹಾಗೆ ಕಾಣುತ್ತಿತ್ತು. ರಸ್ತೆ ಬದಿಯ ಅಂಚೆ ಡಬ್ಬಗಳ ಜೊತೆ ಹೊಡೆದಾಡಲು ಸೈಕಲ್ ಇಳಿದದ್ದೂ ಉಂಟು. ನಮ್ಮ ದೇಶದಿಂದ ಇದನ್ನು ಒಂಟಿಯಾಗಿ ಮೊದಲು ಮುಗಿಸಿದವರು ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್, 2017ರಲ್ಲಿ. ಅದೇ ವರ್ಷ ನಾಗಪುರದ ಅಮಿತ್ ಸಮರ್ಥ್ ಕೂಡ ಮುಗಿಸಿದರು.

'ರಾಮ್' ಬಗ್ಗೆ ನೋಡಬೇಕಾದ ಚಿತ್ರ 2009ರ 'ಬೈಸಿಕಲ್ ಡ್ರೀಮ್ಸ್', 2005ರ ಸ್ಪರ್ಧೆಯ ಕುರಿತದ್ದು. ತುಂಬಾ ತೀವ್ರವಾದ ಚಿತ್ರ. ಆದರೆ 600ಕ್ಕೆ ಹೊರಟವರಿಗೆ ಇದನ್ನು ಮೊದಲು ತೋರಿಸಬೇಡಿ ಅನ್ನುವುದು ನನ್ನ ಮಾತು. ಹಿಂದೆ ಕಾರು, ಪಕ್ಕದಲ್ಲಿ ಡಾಕ್ಟರು, ಕೈಗೆ ಊಟ. ಅಂಥ ವ್ಯವಸ್ಥೆಯಲ್ಲಿ ಒಂದು ಗಂಟೆ ಮಲಗಿ ಎದ್ದು ಓಡುವುದನ್ನು ನೋಡಿ, ನಾವೂ ಹೀಗೇ ಮಾಡಬಹುದು ಅಂತ ಹುಡುಗರಿಗೆ ಅನ್ನಿಸಿಬಿಡುತ್ತದೆ.

ಎರಡನೆಯ ಥರ, ಯಾರ ಸಹಾಯವೂ ಇಲ್ಲದೆ ಸವಾರ ಎಲ್ಲವನ್ನೂ ತಾನೇ ನೋಡಿಕೊಳ್ಳುವ ಸ್ಪರ್ಧೆಗಳು. ನಮ್ಮ ಬಿಆರ್‌ಎಂ ಇದಕ್ಕೇ ಹತ್ತಿರ, ಯಾಕೆಂದರೆ ಕಂಟ್ರೋಲ್‌ಗಳ (ದಾರಿಯಲ್ಲಿ ಸಮಯದೊಳಗೆ ತಲುಪಿ ಹಾಜರಿ ಹಾಕಬೇಕಾದ ಜಾಗಗಳ) ಮಧ್ಯೆ ನಮಗೂ ಯಾರೂ ಸಹಾಯ ಮಾಡುವ ಹಾಗಿಲ್ಲ. 'ರೈಡ್ ದ ಡಿವೈಡ್' ನೋಡಿ, 2010ರದು. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗೆ ಬೆಟ್ಟದ ಮಣ್ಣುದಾರಿಯಲ್ಲಿ ಸುಮಾರು 4,400 ಕಿ.ಮೀ. ಆಮೇಲೆ 'ಇನ್‌ಸ್ಪೈರ್ಡ್ ಟು ರೈಡ್', 2014ರ ಟ್ರಾನ್ಸ್ ಆಮ್ ಸ್ಪರ್ಧೆಯದು. ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗೆ ಡಾಂಬರು ರಸ್ತೆ. ಮೈಕ್ ಹಾಲ್ 17 ದಿನ ಚಿಲ್ಲರೆಯಲ್ಲಿ ಗೆದ್ದರು, ಜೂಲಿಯಾನಾ ಬೂರಿಂಗ್ ಮಹಿಳೆಯರಲ್ಲಿ ಮೊದಲು, ಒಟ್ಟಾರೆ ನಾಲ್ಕನೆಯವರು. ನೀವು ಒಂದೇ ಸಿನಿಮಾ ತೋರಿಸುವುದಾದರೆ ಇದನ್ನು ತೋರಿಸಿ. ಈ ಥರದ ಸ್ಪರ್ಧೆಯಲ್ಲಿ ಗಡಿಯಾರ ಯಾವತ್ತೂ ನಿಲ್ಲುವುದಿಲ್ಲ. ಮಲಗಿದ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ, ಆದರೂ ಗೆಲ್ಲುವವರು ಮಲಗುತ್ತಾರೆ. ಗೆಳೆಯರಿಗೆ ತಲುಪಬೇಕಾದ ಮಾತು ಇದೇ, ನಿದ್ದೆಯನ್ನು ಸೋಲು ಅಂತ ನೋಡಬೇಡಿ, ಅದೂ ಸವಾರಿಯ ಭಾಗವೇ. 2019ರಲ್ಲಿ ಯುರೋಪಿನ ಟ್ರಾನ್ಸ್‌ಕಾಂಟಿನೆಂಟಲ್ ಸ್ಪರ್ಧೆಯಲ್ಲಿ 24 ವರ್ಷದ ಫಿಯೋನಾ ಕೋಲ್‌ಬಿಂಗರ್ ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮುಂದೆ ಬಂದರಲ್ಲ, ಅವರು ರಾತ್ರಿಗೆ ನಾಲ್ಕು ಗಂಟೆ ಆಸುಪಾಸು ಮಲಗುತ್ತಲೇ ಗೆದ್ದದ್ದು.

ರಾತ್ರಿಪಾಳಿ, ತುಮಕೂರು

ನಾನು ನರ್ಸ್, ರಾತ್ರಿ ಡ್ಯೂಟಿ ಜಾಸ್ತಿ. ಸೈಕಲ್ಲೂ ಇದೆ, ದೇವರಾಯನದುರ್ಗದ ಕಡೆ ಹೋಗುತ್ತಿರುತ್ತೇನೆ. ಮೇಲಿನ ಉತ್ತರ ಚೆನ್ನಾಗಿದೆ. ದೇಹದ ಲೆಕ್ಕ ಸ್ವಲ್ಪ ಸೇರಿಸುತ್ತೇನೆ.

ನಿದ್ದೆ ಎರಡು ಕಡೆಯಿಂದ ಎಳೆಯುತ್ತದೆ. ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ, ಅದು ಜಾಸ್ತಿಯಾದಂತೆ ತೂಕಡಿಕೆ. ಇನ್ನೊಂದು ದೇಹದ ಒಳಗಿನ ಗಡಿಯಾರ. ಬೆಳಗಿನ ಜಾವ 3ರಿಂದ 5ರ ಆಸುಪಾಸಿನಲ್ಲಿ ಮೈಯ ಬಿಸಿ ತೀರಾ ಕಡಿಮೆ ಇರುತ್ತದೆ, ಆಗ ಎರಡೂ ಸೇರಿ ಹೊಡೆಯುತ್ತವೆ. ವಾರ್ಡಿನಲ್ಲಿ ನಮಗೂ ಕಷ್ಟದ ಹೊತ್ತು ಅದೇ. ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಂದು ಸಣ್ಣ ಇಳಿತ ಬರುತ್ತದೆ. ಎರಡನೇ ದಿನ ಬಿಸಿಲಲ್ಲಿ ಅದು ಸಣ್ಣದಾಗಿ ಉಳಿಯುವುದಿಲ್ಲ ಅಂತ ಗೊತ್ತಿರಲಿ.

ಸಂಶೋಧನೆಗಳಲ್ಲಿ ಕಂಡದ್ದು ಹೀಗೆ. 17ರಿಂದ 19 ಗಂಟೆ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ. ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಗೆ ಅದು 100 ಮಿ.ಗ್ರಾಂ.ಗೆ ಸಮ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿ.ಗ್ರಾಂ. ಮಾತ್ರ! ಬೆಳಗ್ಗೆ 4ಕ್ಕೆ ಎದ್ದು 6ಕ್ಕೆ ಹೊರಟವರು ರಾತ್ರಿ 11ರ ಹೊತ್ತಿಗೆ ಯಾವ ಸ್ಥಿತಿಯಲ್ಲಿರುತ್ತಾರೆ, ನೀವೇ ಲೆಕ್ಕ ಹಾಕಿ.

ಕಾಫಿ ಕುಡಿಯಿರಿ, ಆದರೆ ಕುಡಿದ ಕೂಡಲೇ ಮಲಗಿ. ಕೆಫೀನ್ ಕೆಲಸ ಶುರು ಮಾಡಲು 20-30 ನಿಮಿಷ ಬೇಕು. ಅಷ್ಟರಲ್ಲಿ 20 ನಿಮಿಷದ ಜೊಂಪು ಮುಗಿದಿರುತ್ತದೆ, ಎದ್ದಾಗ ಎರಡರ ಲಾಭವೂ ಸಿಗುತ್ತದೆ. ಒಂದೊಂದು ಗಂಟೆಗೆ ಒಂದೊಂದು ಲೋಟ ಸುರಿದುಕೊಳ್ಳಬೇಡಿ, ಅದರ ಅರ್ಧ ಭಾಗ ಐದು ಗಂಟೆ ಆದಮೇಲೂ ರಕ್ತದಲ್ಲೇ ಇರುತ್ತದೆ, ಮಲಗಬೇಕಾದಾಗ ನಿದ್ದೆ ಬರುವುದಿಲ್ಲ. ಹೊರಡುವ ವಾರ ದಿನಾ ಒಂದು ಗಂಟೆ ಜಾಸ್ತಿ ಮಲಗಿ, ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ಎದ್ದ ತಕ್ಷಣ ಸೈಕಲ್ ಹತ್ತಬೇಡಿ. ಮುಖ ತೊಳೆದು, ಏನಾದರೂ ತಿಂದು, ಹತ್ತು ಹದಿನೈದು ನಿಮಿಷ ಬಿಟ್ಟು ಹೊರಡಿ. 2016ರ ಟ್ರಾನ್ಸ್ ಆಮ್‌ನಲ್ಲಿ ಏನಾಯಿತು ಗೊತ್ತಾ? ಮುಂದೆ ಇದ್ದ ಸ್ಟೆಫೆನ್ ಸ್ಟ್ರೈಖ್ ಕೊನೆಯ ರಾತ್ರಿ ಮಲಗಿ ಎದ್ದವರು ಆ ಮಂಪರಿನಲ್ಲೇ ಬಂದ ದಾರಿಯಲ್ಲಿ ವಾಪಸ್ ತುಳಿದರು. ಎದುರಿಗೆ ಸಿಕ್ಕಿದ್ದು ಹಿಂದೆ ಇದ್ದ ಲಾಯೆಲ್ ವಿಲ್‌ಕಾಕ್ಸ್. ಒಟ್ಟಿಗೆ ಮುಗಿಸೋಣ ಅಂತ ಇವರು ಕೇಳಿದರೆ, ಇದು ರೇಸ್ ಅಂತ ಹೇಳಿ ಆಕೆ ಮುಂದೆ ಹೋಗಿ ಗೆದ್ದೇಬಿಟ್ಟರು.

ಅದೇ ಲಾಯೆಲ್ ಬಗ್ಗೆ 'ಐ ಜಸ್ಟ್ ವಾಂಟ್ ಟು ರೈಡ್' ಅಂತ ಚಿತ್ರ ಇದೆ. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಅದನ್ನೂ ತೋರಿಸಿ. ಒಂದು ಮಾತು ಮಾತ್ರ ಖಡಕ್ಕಾಗಿ ಹೇಳುತ್ತೇನೆ. ಈ ಸಿನಿಮಾಗಳಲ್ಲಿ ನಿದ್ದೆ ಬಂದ ಕಡೆ ಚೀಲ ಬಿಚ್ಚಿ ಮಲಗುತ್ತಾರೆ. ಶಿರಾ ದಾಟಿ ಹೆದ್ದಾರಿ ಪಕ್ಕ ನಾನು ಒಬ್ಬಳೇ ಹಾಗೆ ಮಲಗಲು ಆಗುವುದಿಲ್ಲ. ಧೈರ್ಯ ಬೇರೆ ವಿಷಯ, ಕಣ್ಣು ಮುಚ್ಚಿದರೂ ಮನಸ್ಸು ಎಚ್ಚರವಾಗಿದ್ದರೆ ಅದನ್ನು ನಿದ್ದೆ ಅನ್ನುವುದು ಹೇಗೆ? ಹೆಣ್ಣುಮಕ್ಕಳು ಬಾಗಿಲು ಹಾಕಿಕೊಳ್ಳುವ ರೂಮನ್ನು ಮೊದಲೇ ಬುಕ್ ಮಾಡಿ, ತಡರಾತ್ರಿ ಬರುತ್ತೇವೆ ಅಂತ ಫೋನ್ ಮಾಡಿ ಹೇಳಿಡಿ. ಆಯೋಜಕರೂ ಕಂಟ್ರೋಲ್‌ಗಳನ್ನು ಇದನ್ನು ನೋಡಿಕೊಂಡು ಇಟ್ಟರೆ ನಮ್ಮಲ್ಲಿ ಇನ್ನೂ ಎಷ್ಟೋ ಜನ ಬರುತ್ತಾರೆ.

ಮುಳಬಾಗಿಲು, ಕೋಲಾರ ಜಿಲ್ಲೆ

ನಾನು ಸೈಕಲ್ ಸವಾರ ಅಲ್ಲ, ತಮ್ಮ ಸವಾರಿ ಮಾಡುತ್ತಾನೆ. ನಾನು ಕೋಲಾರ ಎಪಿಎಂಸಿಯಿಂದ ಟೊಮೆಟೊ ಲೋಡ್ ಹೊಡೆಯುವವನು. ರಾತ್ರಿ ಹೆದ್ದಾರಿಯಲ್ಲಿ ಲಾರಿ ಕ್ಯಾಬಿನ್‌ನಿಂದ ಏನು ಕಾಣುತ್ತದೆ ಅಂತ ನಿಮ್ಮ ಗುಂಪಿಗೆ ಗೊತ್ತಾಗಬೇಕು ಅಂತ ಬರೆಯುತ್ತಿದ್ದೇನೆ.

ನಿದ್ದೆ ಹತ್ತಿದ ಸೈಕಲ್ ಸವಾರ ನಮಗೆ ದೂರದಿಂದಲೇ ಗೊತ್ತಾಗುತ್ತಾನೆ. ಹಿಂದಿನ ಕೆಂಪು ಲೈಟು ನೇರ ಹೋಗುವುದಿಲ್ಲ. ಬಿಳಿ ಗೆರೆ ಒಳಗೆ ಬರುತ್ತದೆ, ಮತ್ತೆ ಹೊರಗೆ ಹೋಗುತ್ತದೆ. ಕಂಡರೆ ನಾವು ಪಕ್ಕದ ಲೇನ್‌ಗೆ ಹೋಗುತ್ತೇವೆ. ಆದರೆ ಅದೇ ಹೊತ್ತಿಗೆ, ಬೆಳಗಿನ ಜಾವ ನಾಲ್ಕಕ್ಕೆ, ಹಿಂದೆ ಬರುವ ಡ್ರೈವರ್‌ಗೂ ತೂಕಡಿಕೆ ಇದ್ದರೆ? ಇಬ್ಬರಲ್ಲಿ ಒಬ್ಬರಾದರೂ ಎಚ್ಚರ ಇರಬೇಕು ಅಲ್ವಾ? ಆ ಒಬ್ಬರು ನೀವಾಗಿರಿ. ತಮ್ಮನಿಗೂ ಅದನ್ನೇ ಹೇಳುತ್ತೇನೆ.

ಡ್ರೈವರ್‌ಗಳಲ್ಲಿ ಒಂದು ಲೆಕ್ಕ ಇದೆ. ಈಗ ದಾಟಿದ ಊರು ಯಾವುದು ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ನೆನಪಿಗೆ ಬರದಿದ್ದರೆ ಮುಂದಿನ ಬಂಕ್‌ನಲ್ಲಿ ಗಾಡಿ ನಿಲ್ಲಿಸಿ. ಹಾಡು ಹಾಕುವುದು, ಮುಖಕ್ಕೆ ನೀರು ಚಿಮುಕಿಸುವುದು, ಜೋರಾಗಿ ಮಾತಾಡುವುದು, ಇವೆಲ್ಲ ಸ್ವಲ್ಪ ಹೊತ್ತಿಗೆ ಮಾತ್ರ. ನಿದ್ದೆಗೆ ಔಷಧಿ ನಿದ್ದೆಯೇ. ಮಲಗುವುದಾದರೆ ಬೆಳಕಿರುವ ಕಡೆ, ಜನ ಇರುವ ಕಡೆ ಮಲಗಿ. ಪೆಟ್ರೋಲ್ ಬಂಕ್, ಟೋಲ್ ಹತ್ತಿರ, ಬಸ್ ಸ್ಟ್ಯಾಂಡ್ ಕಟ್ಟೆ, ದೇವಸ್ಥಾನದ ಜಗಲಿ. ಲಾರಿ ನಿಲ್ಲಿಸುವ ಬದುವಿನಲ್ಲಿ, ಕತ್ತಲಲ್ಲಿ ನಿಂತ ಲಾರಿ ಹಿಂದೆ ಮುಂದೆ ಖಂಡಿತ ಮಲಗಬೇಡಿ. ರಿವರ್ಸ್ ತೆಗೆಯುವಾಗ ನಮಗೆ ಕೆಳಗೆ ಮಲಗಿದವರು ಕಾಣುವುದೇ ಇಲ್ಲ.

ಕ್ಯಾತ್ಸಂದ್ರ ಅವರ ಒಂದು ಮಾತು ನಾನು ಒಪ್ಪುವುದಿಲ್ಲ. 'ಬೈಸಿಕಲ್ ಡ್ರೀಮ್ಸ್' ತಮ್ಮ ತೋರಿಸಿದ್ದ. ಆ ಸ್ಪರ್ಧೆಯಲ್ಲಿ ಬಾಬ್ ಬ್ರೀಡ್‌ಲವ್ ಅನ್ನುವ ಮೂಳೆ ಡಾಕ್ಟರು ಪಿಕಪ್‌ಗೆ ಡಿಕ್ಕಿಯಾಗಿ ತೀರಿಕೊಂಡರಲ್ಲ. ಅದಕ್ಕೇ ಆ ಚಿತ್ರವನ್ನು ಮೊದಲು ತೋರಿಸಬೇಕು. ರಸ್ತೆ ಅಂದರೆ ಏನು ಅಂತ ಮೊದಲು ಗೊತ್ತಾಗಲಿ, ಗೆಲ್ಲುವುದು ಆಮೇಲೆ.

ಕ್ಯಾತ್ಸಂದ್ರ, ತುಮಕೂರು

ಮುಳಬಾಗಿಲು ಅಣ್ಣ, ನಿಮ್ಮ ಮಾತಿಗೆ ಬೆಲೆ ಇದೆ. ಆ ಸಾವಿನ ಮರುವರ್ಷ 'ರಾಮ್'ನಲ್ಲಿ 40 ಗಂಟೆ ವಿಶ್ರಾಂತಿ ಕಡ್ಡಾಯ ಇರುವ ಒಂದು ಪ್ರತ್ಯೇಕ ವಿಭಾಗವನ್ನೂ ಶುರು ಮಾಡಿದರು. ಮೈಕ್ ಹಾಲ್ ಕೂಡ 2017ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಬೆಳಕು ಹರಿಯುವ ಮೊದಲು ಕಾರು ಬಡಿದು ಹೋದರು. ಆದರೂ ನಾನು 'ಇನ್‌ಸ್ಪೈರ್ಡ್ ಟು ರೈಡ್' ಮೊದಲು ಅಂತಲೇ ಹೇಳುತ್ತೇನೆ, ಎರಡನ್ನೂ ನೋಡುವುದಾದರೆ ಇನ್ನೂ ಒಳ್ಳೆಯದು.

ನಂದಿತಪ್ಪಲು, ಚಿಕ್ಕಬಳ್ಳಾಪುರ

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ರಾತ್ರಿಪಾಳಿ ಅಕ್ಕ, ನಮ್ಮ ಗುಂಪಿನಲ್ಲಿ ಇಬ್ಬರು ಹುಡುಗಿಯರಿದ್ದಾರೆ, ರೂಮಿನ ವಿಷಯ ನಾಳೆಯೇ ಮಾತಾಡುತ್ತೇನೆ. ಇನ್ನೊಂದು ಕೇಳಬೇಕು. ಒಬ್ಬ ಗೆಳೆಯ ಮಲಗದೇ ಮುಗಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ. 1891ರಲ್ಲಿ ಫ್ರಾನ್ಸಿನಲ್ಲಿ ನಡೆದ ಮೊದಲ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಸ್ಪರ್ಧೆಯಲ್ಲಿ ಶಾರ್ಲ್ ತೆರಾಂ ಮೂರು ದಿನ ನಿದ್ದೆ ಇಲ್ಲದೆ ಗೆದ್ದ ಅಂತ ಎಲ್ಲೋ ಓದಿದ್ದಾನೆ. ಅವನಿಗೆ ಏನು ಹೇಳಲಿ?

ಕ್ಯಾತ್ಸಂದ್ರ, ತುಮಕೂರು

ತೆರಾಂ ವಿಷಯ ನಿಜ. 71 ಗಂಟೆ ಚಿಲ್ಲರೆ ತೆಗೆದುಕೊಂಡರು. ಆದರೆ ಅವತ್ತಿನ ರಸ್ತೆಯಲ್ಲಿ ಮುಳಬಾಗಿಲು ಅಣ್ಣನ ಲಾರಿ ಇರಲಿಲ್ಲ, ಕಾರುಗಳೂ ಇಲ್ಲ ಅನ್ನುವಷ್ಟು ಕಡಿಮೆ ಅಂತ ಗೆಳೆಯರಿಗೆ ಹೇಳಿ. ಈಗಿನ ಅದೇ ಪ್ಯಾರಿಸ್ ಸವಾರಿಯಲ್ಲಿ 1,200 ಕಿ.ಮೀ.ಗೆ 90 ಗಂಟೆ ಕೊಡುತ್ತಾರೆ. ಲುಡೆಯಾಕ್‌ನಂಥ ಕಂಟ್ರೋಲ್‌ಗಳಲ್ಲಿ ಸಾಲು ಸಾಲು ಹಾಸಿಗೆ ಇರುತ್ತವೆ. ಎಷ್ಟು ಹೊತ್ತಿಗೆ ಏಳಬೇಕು ಅಂತ ಹೇಳಿ ಮಲಗಿದರೆ ಸ್ವಯಂಸೇವಕರೇ ಬಂದು ಎಬ್ಬಿಸುತ್ತಾರೆ. ಇಡೀ ಸವಾರಿಯಲ್ಲೇ ನಿದ್ದೆಗೆ ಜಾಗ ಇಟ್ಟಿದ್ದಾರೆ ಅಂದ ಹಾಗಾಯಿತು.

ನಿಮ್ಮ 600ರ ಲೆಕ್ಕ ನೋಡಿ. ಕಂಟ್ರೋಲ್ ಮುಚ್ಚುವುದು ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ. ಬೆಳಗ್ಗೆ 6ಕ್ಕೆ ಹೊರಟರೆ 360ನೇ ಕಿಲೋಮೀಟರಿಗೆ ಮರುದಿನ ಬೆಳಗ್ಗೆ 6ರವರೆಗೆ ಸಮಯ ಇರುತ್ತದೆ. ನಿಲ್ಲುವುದೆಲ್ಲ ಸೇರಿ ಸರಾಸರಿ 20 ಹಿಡಿದರೂ ನೀವು ಮಧ್ಯರಾತ್ರಿಗೇ ಅಲ್ಲಿರುತ್ತೀರಿ. ಕೈಯಲ್ಲಿ ಆರು ಗಂಟೆ! ಮೂರೂವರೆ ಗಂಟೆ ಮಲಗಿ, ಸ್ನಾನ ಮಾಡಿ, ತಿಂಡಿ ತಿಂದು ನಾಲ್ಕೂವರೆಗೆ ಹೊರಟರೂ ಉಳಿದ 240 ಕಿ.ಮೀ.ಗೆ ಹದಿನೇಳೂವರೆ ಗಂಟೆ ಇದೆ. ಅಷ್ಟು ಹೊತ್ತಿಗೆ ಕೆಟ್ಟ ಸಮಯ ಬಹುಪಾಲು ಹಾಸಿಗೆಯಲ್ಲೇ ಕಳೆದಿರುತ್ತದೆ. ಮಲಗದೆ ಹೋದವರು ಬೆಳಗಿನ ಜಾವ ಗಂಟೆಗೆ 12ಕ್ಕೆ ತೆವಳುತ್ತಿರುತ್ತಾರೆ, ಬಂಕ್ ಕಂಡಲ್ಲೆಲ್ಲ ಕೂರುತ್ತಾರೆ. ಉಳಿಸಿದ ಸಮಯ ಅಲ್ಲೇ ಹೋಗುತ್ತದೆ.

ರೂಮು ಎಲ್ಲಿ, ಎಷ್ಟು ಗಂಟೆಗೆ ಅಲಾರಂ, ಇದನ್ನೆಲ್ಲ ಮನೆಯಲ್ಲೇ ತೀರ್ಮಾನ ಮಾಡಿ. ರಾತ್ರಿ ಒಂದಕ್ಕೆ ತೂಕಡಿಸುವ ತಲೆ ಸರಿಯಾದ ತೀರ್ಮಾನ ಕೊಡುವುದಿಲ್ಲ.

ಮುಳಬಾಗಿಲು, ಕೋಲಾರ ಜಿಲ್ಲೆ

ಇನ್ನೊಂದು ಮರೆಯಬೇಡಿ. ಭಾನುವಾರ ರಾತ್ರಿ 600 ಮುಗಿಸಿ, ಸೈಕಲ್ಲನ್ನು ಕಾರಿಗೆ ಹಾಕಿಕೊಂಡು ನೀವೇ ಓಡಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಬೇಡಿ. ಮುಗಿಯಿತು ಅನ್ನುವ ಸಮಾಧಾನದಲ್ಲಿ ಸೀಟಿಗೆ ಒರಗಿದರೆ ನಿದ್ದೆ ಕೇಳಿಕೊಂಡು ಬರುವುದಿಲ್ಲ. ತಮ್ಮ ಹೋದಾಗಲೆಲ್ಲ ಮನೆಯಿಂದ ಯಾರಾದರೊಬ್ಬರು ಹೋಗಿ ಕರೆದುಕೊಂಡು ಬರುತ್ತೇವೆ. ನಿಮ್ಮ ಗುಂಪಿನಲ್ಲೂ ಸವಾರಿ ಮಾಡದೆ ಇರುವ ಇಬ್ಬರಿಗೆ ಈಗಲೇ ಹೇಳಿಡಿ. ಯಾರೂ ಸಿಗದಿದ್ದರೆ ಅಲ್ಲೇ ಒಂದು ರೂಮು ಹಿಡಿದು ಸೋಮವಾರ ಬೆಳಗ್ಗೆ ಹೊರಡಿ, ರಜೆ ಒಂದು ದಿನ ಜಾಸ್ತಿ ಹಾಕಿದರಾಯಿತು.