ಮಾರ್ಕೋಸ್ ಕಾಲದಲ್ಲಿ ರೇಡಿಯೋ ವೆರಿತಾಸ್ ಹೆಂಗೆ ಬಾಯಿ ಮುಚ್ಚಲಿಲ್ಲ?

ತರಂಗ: ಫಿಲಿಪ್ಪೀನ್ಸ್‌ನ 1986ರ ಕ್ರಾಂತಿ ಬಗ್ಗೆ ಓದ್ತಿದೀನಿ, ಎಲ್ಲಿ ನೋಡಿದ್ರೂ ಈ ಕ್ಯಾಥೊಲಿಕ್ ಸ್ಟೇಷನ್ ಹೆಸರೇ ಬರುತ್ತೆ. ಟಿವಿ, ಪೇಪರ್ ಎಲ್ಲಾ ಅಲ್ಲಿನ ಸರ್ವಾಧಿಕಾರಿ ಅಧ್ಯಕ್ಷ ಮಾರ್ಕೋಸ್ ಕಡೆಯವ್ರ ಹಿಡಿತದಲ್ಲಿತ್ತಲ್ಲ, ಇದು ಹೆಂಗೆ ಉಳೀತು?

ಓದುಗ_ಮಂಗಳೂರು: ಚರ್ಚಿನ ಬೆಂಬಲ ಇತ್ತು, ಮುಟ್ಟೋಕೆ ಸರ್ಕಾರಕ್ಕೂ ಅಳುಕು. ಆದ್ರೆ ಜನ ನಂಬೋಕೆ ಶುರು ಮಾಡಿದ್ದು 1983ರಲ್ಲಿ. ವಿರೋಧ ಪಕ್ಷದ ನಿನೋಯ್ ಅಕ್ವಿನೋನ ಮನಿಲಾ ಏರ್‌ಪೋರ್ಟಲ್ಲೇ ಗುಂಡಿಟ್ಟು ಕೊಂದ್ರಲ್ಲ, ಆಮೇಲೆ ಅಂತ್ಯಯಾತ್ರೆಗೆ ಲಕ್ಷಾಂತರ ಜನ ಬಂದ್ರೂ ಉಳಿದ ಮೀಡಿಯಾ ಹೆಚ್ಚುಕಮ್ಮಿ ಕಣ್ಮುಚ್ಚಿ ಕೂತಿದ್ದಾಗ ವೆರಿತಾಸ್ ಲೈವ್ ಕೊಡ್ತು. ಅದಕ್ಕೆ ಎಂಥಾ ಧೈರ್ಯ ಬೇಕು ಯೋಚ್ನೆ ಮಾಡಿ!

ಹಳೇರೇಡಿಯೋ: 1986ರ ಫೆಬ್ರವರಿ 22ರ ರಾತ್ರಿ ಮುಖ್ಯ. ರಕ್ಷಣಾ ಮಂತ್ರಿ ಎನ್ರಿಲೆ, ಜನರಲ್ ರಾಮೋಸ್ ತಿರುಗಿಬಿದ್ದು ಮಿಲಿಟರಿ ಕ್ಯಾಂಪ್ ಸೇರ್ಕೊಂಡಾಗ ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್ ಇದೇ ರೇಡಿಯೋದಲ್ಲಿ ಅವ್ರನ್ನ ಕಾಪಾಡಿ, ಊಟ ತಗೊಂಡು ಹೋಗಿ ಅಂತ ಕರೆ ಕೊಟ್ರು, ಜನ ಎಡ್ಸಾ ರಸ್ತೆ ತುಂಬಿಬಿಟ್ರು. ಮಾರನೇ ದಿನ ಬೆಳಿಗ್ಗೆ ಸೈನಿಕರು ಟ್ರಾನ್ಸ್‌ಮಿಟರ್ ಒಡೆದು ಹಾಕಿದ್ರು. ಆದ್ರೂ ಸ್ಟ್ಯಾಂಡ್‌ಬೈ ಟ್ರಾನ್ಸ್‌ಮಿಟರಲ್ಲಿ ಸ್ವಲ್ಪ ಹೊತ್ತು ಎಳೆದ್ರು. ಅದೂ ಕೈಕೊಟ್ಟ ಮೇಲೆ ವೆರಿತಾಸ್‌ನ ನಿರೂಪಕಿ ಜೂನ್ ಕೀಥ್ಲಿ ಬೇರೆ ಸ್ಟೇಷನ್ನಿಂದ ಜಾಗ ಹೇಳ್ದೆ "ರೇಡಿಯೋ ಬಂಡಿಡೋ" ಅಂತ ಮಾತಾಡಿದ್ರು. ನನ್ ಪ್ರಕಾರ ಇಡೀ ಕಥೆಯ ಹೀರೋ ಅವ್ರೇ. 25ಕ್ಕೆ ಮಾರ್ಕೋಸ್ ಓಡಿಹೋದ.

ಓದುಗ_ಮಂಗಳೂರು: ಹೌದು. ಅದೇ ವರ್ಷ ವೆರಿತಾಸ್‌ಗೆ ಮ್ಯಾಗ್ಸೆಸೆ ಪ್ರಶಸ್ತಿನೂ ಬಂತು, 1991ರಲ್ಲಿ ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವ್ರಿಗೆ ಸಿಕ್ಕಿದ್ದೂ ಅದೇ ವಿಭಾಗದಲ್ಲಿ.