ಓದುಗರ ಸ್ಪಂದನ: ‘ಮೇಡಂ ಬಂತು’ ಅಂದಿದ್ದಕ್ಕೆ ಮಾತೇ ಬಿಡಬೇಕಾ?

(ಕಳೆದ ವಾರದ ಪತ್ರ: ಶಿರಸಿ ಕಡೆ ಹಳ್ಳಿಯ 26 ವರ್ಷದ ಹುಡುಗಿ, ಕಾರವಾರದ ಒಂದು ಆಫೀಸಲ್ಲಿ ಕೆಲಸ. ಫೋನಲ್ಲಿ ಕಸ್ಟಮರ್ ಹತ್ರ ಬಾಯ್ತಪ್ಪಿ ಮನೆಮಾತಾದ ಹವ್ಯಕ ಕನ್ನಡದಲ್ಲೇ “ಮೇಡಂ ಈಗಷ್ಟೇ ಬಂತು, ಚಾ ಕುಡಿತಾ ಇದ್ದು” ಅಂದುಬಿಟ್ರು. ದಾವಣಗೆರೆ ಕಡೆಯ ಮ್ಯಾನೇಜರ್ ಮೇಡಂ ಎಲ್ರೆದುರು “ನಾನೇನು ಎಮ್ಮೆನಾ, ಬಂತು ಅನ್ನೋಕೆ?” ಅಂತ ಬೈದ್ರು. ಎರಡು ತಿಂಗಳಿಂದ ಈ ಹುಡುಗಿಯ ಬಾಯೇ ಕಟ್ಟಿಹೋಗಿದೆ. ಊಟಕ್ಕೆ ಕೂತಾಗ ಉಳಿದವರು ಕೊಂಕಣೀಲಿ ಮಾತಾಡಿ ನಗ್ತಾರೆ, ನನ್ನ ಬಗ್ಗೆನೇ ಇರ್ಬೇಕು, ಕೆಲಸ ಬಿಡ್ಲಾ ಅಂತ ಕೇಳಿದ್ರು.)

ಗೃಹಿಣಿ, ಶಿರಸಿ

ತಂಗೀ, ನಿನ್ನ ಪತ್ರ ಎರಡು ಸಲ ಓದಿದೆ. ನಮ್ಮ ಹವ್ಯಕರ ಮನೇಲಿ ಹೆಂಗಸರಿಗೆಲ್ಲ ‘ಅದು’ನೇ ಅಲ್ದಾ, ಆಯಿ ಬಂತು, ಅತ್ತಿಗೆ ಹೇಳ್ತು, ಎಂಬತ್ತು ವರ್ಷದ ಅಜ್ಜಿಗೂ ತೊಟ್ಟಿಲ ಕೂಸಿಗೂ ಅದೇ ಮಾತು, ಅದರಲ್ಲಿ ಅಗೌರವ ಇದೆ ಅಂತ ಹುಟ್ಟಿದಾಗಿಂದ ಯಾರೂ ಹೇಳಿದ್ದಿಲ್ಲ. ಆದ್ರೆ ಘಟ್ಟದಾಚೆ ಬಯಲುಸೀಮೆಯವರ ಕಿವಿಗೆ ಹೆಂಗಸಿಗೆ ‘ಬಂತು’ ಅಂದ್ರೆ ದನಕರುಗೆ ಹೇಳಿದ ಹಾಗೆ ಕೇಳ್ತದೆ, ಅವರ ಸಿಟ್ಟೂ ಸುಳ್ಳಲ್ಲ. ನಾನು ಮದುವೆಗೆ ಮುಂಚೆ ಹುಬ್ಬಳ್ಳೀಲಿ ಕೆಲಸಕ್ಕಿದ್ದಾಗ ನಂದೂ ಇದೇ ಪಾಡು. ಆಗ ಲ್ಯಾಂಡ್‌ಲೈನ್ ಫೋನಿನ ಬೆನ್ನಿಗೆ ಒಂದು ಚೀಟಿ ಅಂಟಿಸಿಕೊಂಡಿದ್ದೆ, ನೀಲಿ ಪೆನ್ನಲ್ಲಿ ‘ಬಂದರು, ಹೋದರು, ಊಟಕ್ಕೆ ಹೋಗಿದ್ದಾರೆ’ ಅಂತ ಬರೆದು. ರಿಸೀವರ್ ಎತ್ತಿದ ಕೂಡಲೇ ಕಣ್ಣು ಅಲ್ಲಿಗೇ ಹೋಗ್ತಿತ್ತು. ಮೂರ್ನಾಲ್ಕು ತಿಂಗಳಲ್ಲಿ ಚೀಟಿ ತಾನೇ ಕಿತ್ತು ಬಿತ್ತು, ಮತ್ತೆ ಅಂಟಿಸೋದು ಬೇಕಾಗ್ಲಿಲ್ಲ. ಮೇಡಂ ಒಬ್ರೇ ಇದ್ದಾಗ ಹೋಗಿ ‘ನಮ್ಮನೇಲಿ ಅಮ್ಮಂಗೂ ಹೀಗೇ ಹೇಳೋದು ಮೇಡಂ’ ಅಂತ ಒಂದು ಮಾತು ಹೇಳು. ಅವರಿಗೆ ಇದು ಗೊತ್ತೇ ಇರ್ಲಿಕ್ಕಿಲ್ಲ.

ನರ್ಸ್, ಕುಮಟಾ

ಎಲ್ರೂ ಹುಡುಗಿಗೇ ತಿದ್ದಿಕೋ ಅಂತ ಹೇಳ್ತೀರಿ ಅಂತ ಗೊತ್ತು, ಅದಕ್ಕೇ ಬರೀತಾ ಇದ್ದೇನೆ. ತಪ್ಪು ಆ ಮೇಡಂದು. ಒಳಗೆ ಕರೆದು ಹೇಳಬಹುದಿತ್ತು, ಹತ್ತು ಜನರ ಮುಂದೆ ಎಮ್ಮೆ ಮಾತು ತೆಗೆದ್ರೆ ಯಾರ ಬಾಯಿ ಬಿಚ್ತದೆ? ನಮ್ಮ ವಾರ್ಡಲ್ಲಿ ಹೆದರಿದ ಹೊಸ ಹುಡುಗಿ ಬಾಯಿ ಮುಚ್ಚಿಕೊಂಡ್ರೆ ಪೇಷೆಂಟಿಗೆ ಕೊಟ್ಟ ಔಷಧಿ ವಿಷಯ ನಮ್ಮ ಕಿವಿಗೆ ಬೀಳೋದಿಲ್ಲ, ಅದಕ್ಕೇ ನಾವು ಮಾತಿಗೆ ಯಾರನ್ನೂ ಆಡಿಕೊಳ್ಳೋದಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ಕಾರವಾರ

ಮಗಳೇ, ನಾನು ಮನೇಲಿ ಕೊಂಕಣಿಯವನು, ಹಾಗಾಗಿ ಊಟದ ಟೇಬಲ್ ವಿಷಯ ನಾನೇ ಹೇಳಬೇಕು. ಮೊದಲು ಒಂದು ಮಾತು, ನಿಮ್ಮ ಹವ್ಯಕರ ‘ಬಂತು’ ನಮ್ಮಲ್ಲೂ ಇದೆ. ಮದುವೆಯಾದ ಹೆಂಗಸು ಬಂದ್ರೆ ‘ಬಾಯಲ್ ಆಯ್ಲಿ’, ಅಂದ್ರೆ ‘ಹೆಂಗಸು ಬಂದಳು’ ಅಂತೇವೆ, ಚಿಕ್ಕ ಹುಡುಗಿ ಬಂದ್ರೆ ‘ಚೆಡುಂ ಆಯ್ಲೆಂ’, ಅಂದ್ರೆ ‘ಹುಡುಗಿ ಬಂತು’ ಅಂತಲೇ ಆಯ್ತಲ್ಲ. ನಿನ್ನ ಜೊತೆ ಕೂರೋ ಕೊಂಕಣಿಯವರಿಗೆ ಇದನ್ನ ಕೇಳಿ ನೋಡು, ಅವರೇ ನಿನ್ನ ಪರವಾಗಿ ಮೇಡಂಗೆ ಹೇಳ್ತಾರೆ.

ನಮ್ಮ ಮಾತಿಗೂ ಜನ ಆಡಿಕೊಂಡಿದ್ದಾರೆ. ಕೊಂಕಣಿ ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳ ಪಟ್ಟಿಗೆ ಸೇರಿದ್ದೇ 1992ರಲ್ಲಿ, ಅಲ್ಲಿವರೆಗೆ ಅದು ಭಾಷೆನೇ ಅಲ್ಲ, ಮರಾಠಿಯ ತುಂಡು ಅಂತ ಮುಖಕ್ಕೇ ಹೇಳೋರು. ನಮ್ಮ ಅಪ್ಪ 1956ಕ್ಕೆ ಮುಂಚೆ, ಕಾರವಾರ ಮುಂಬಯಿ ರಾಜ್ಯದಲ್ಲಿದ್ದಾಗ ಮರಾಠಿ ಶಾಲೆಗೆ ಹೋದವರು, ಆಮೇಲೆ ಕಚೇರಿಗೆಲ್ಲ ಕನ್ನಡ ಬಂದಾಗ ಒಂದು ಅರ್ಜಿ ಬರೆಸೋಕೆ ನನ್ನ ಕೈಹಿಡಿದು ಕರ್ಕೊಂಡು ಹೋಗ್ತಿದ್ರು. ಮಾತು ಬಾರದವನು ಹೇಗೆ ಮುದುಡಿ ಕೂರ್ತಾನೆ ಅಂತ ಅಲ್ಲೇ ನೋಡಿದ್ದು ನಾನು.

ಈಗ ಊಟದ ವಿಷಯ. ನಮ್ಮ ಬ್ರಾಂಚಿಗೆ ಸಿದ್ದಾಪುರ ಕಡೆಯ ಒಬ್ಬ ಹವ್ಯಕ ಮಾಣಿ, ಅಂದ್ರೆ ಹುಡುಗ, ಬಂದಿದ್ದ, ಮೀನು ತಿನ್ನೋನಲ್ಲ. ಡಬ್ಬಿ ತಗೊಂಡು ಕಿಟಕಿ ಪಕ್ಕ ಒಬ್ನೇ ಕೂರ್ತಿದ್ದ, ನಮ್ಮ ಡಬ್ಬೀಲಿ ಬಂಗಡೆ ಸಾರು ಇರ್ತಿತ್ತಲ್ಲ. ನಾವು ಅಂದ್ಕೊಂಡ್ವಿ ಇವನಿಗೆ ನಾವು ಬೇಡ ಅಂತ, ಅವನು ಅಂದ್ಕೊಂಡ ನಾವು ಅವನನ್ನೇ ನಗ್ತಾ ಇದ್ದೇವೆ ಅಂತ, ಹೀಗೇ ಅರ್ಧ ವರ್ಷ ಹೋಯ್ತು. ನಿಜ ಹೇಳ್ತೇನೆ, ನಾವು ಮಾತಾಡ್ತಾ ಇದ್ದದ್ದು ಮೀನಿನ ರೇಟು, ಯಾರ ದೋಣಿಗೆ ಎಷ್ಟು ಬಿತ್ತು, ಮಕ್ಕಳ ಫೀಸು, ಅಷ್ಟೇ. ಒಂದು ಬೇಸಿಗೇಲಿ ಅವನು ಸ್ಟೀಲ್ ಕ್ಯಾನಲ್ಲಿ ಮನೆಯ ಅಪ್ಪೆಹುಳಿ, ಅಂದ್ರೆ ಮಾವಿನಕಾಯಿಯ ತಿಳಿಸಾರು, ತಂದಿಟ್ಟು, “ಎಲ್ರಿಗೂ ಉಂಟು” ಅಂದ. ಆ ಸೆಖೆಗೆ ಇಂಗು ಸಾಸಿವೆ ಒಗ್ಗರಣೆ ಹಾಕಿದ ಆ ಹುಳಿ ಕುಡಿದು ನಮ್ಮ ಹೆಡ್ ಕ್ಯಾಷಿಯರ್ ಲೋಟ ಮತ್ತೆ ಮುಂದೆ ಹಿಡಿದ್ರು. ಅವತ್ತು ಅವನು ಕೇಳಿದ, ನೀವು ಮಾತಾಡೋದು ನಂಗೆ ಅರ್ಥ ಆಗೋದಿಲ್ಲ ಸರ್ ಅಂತ. ನಮಗೆ ನಾಚಿಕೆ ಆಯ್ತು, ಯಾಕಂದ್ರೆ ಅವನಿಗೆ ಬರೋದಿಲ್ಲ ಅನ್ನೋದೇ ನಮ್ಮ ತಲೇಲಿ ಇರ್ಲಿಲ್ಲ, ಬಾಯಿಗೆ ಬಂದದ್ದು ಮಾತಾಡ್ತಿದ್ವಿ. ಆಮೇಲೆ ಅವನಿದ್ರೆ ಕನ್ನಡ, ಮಧ್ಯೆ ಕೊಂಕಣಿ ನುಗ್ಗಿದ್ರೆ ಪಕ್ಕದವರು ಹೇಳಿಕೊಡೋದು.

ಅದಕ್ಕೇ ನೀನೂ ಕೇಳು. ‘ಮಾಕಾ ಕೊಂಕಣಿ ಕಳನಾ’ ಅಂದ್ರೆ ನಂಗೆ ಕೊಂಕಣಿ ತಿಳಿಯೋದಿಲ್ಲ ಅಂತ, ಇದನ್ನ ಕೊಂಕಣೀಲೇ ಹೇಳು. ಕೇಳಿದ ಮೇಲೂ ಬೇಕಂತಲೇ ಹಾಗೇ ಮಾಡಿದ್ರೆ ತಪ್ಪು ಅವರದು, ಆಗ ಮೇಡಂ ಹತ್ರ ಹೋಗೋದ್ರಲ್ಲಿ ಏನೂ ಸಂಕೋಚ ಬೇಡ.

ಬಿಲ್ಲಿಂಗ್ ಕೆಲಸದ ಹುಡುಗ, ಅಂಕೋಲಾ

ಅಕ್ಕಾ, ಕೆಲಸ ಬಿಡ್ಬೇಡಿ. ನಮ್ಮ ಕೌಂಟರಿಗೆ ಇಲ್ಲಿನ ಬುಡಕಟ್ಟಿನವರಾದ ಹಾಲಕ್ಕಿ ಒಕ್ಕಲಿಗರ ಅಜ್ಜಿಯರು ಬರ್ತಾರೆ, ಕತ್ತು ತುಂಬ ಮಣಿಸರ, ಬಿಲ್ ಚೀಟಿ ಸೆರಗಿನ ತುದೀಲಿ ಕಟ್ಟಿಕೊಂಡು. ಸಾಹೇಬರಿಗೂ ‘ನೀ’ ಅಂತಲೇ ಕರೀತಾರೆ, ಯಾರಿಗೂ ಬೇಜಾರಿಲ್ಲ. ಬೇರೆ ಕಡೆಯಿಂದ ಬಂದ ಸ್ಟಾಫಿಗೆ ಅವರ ಮಾತು ಹತ್ತೋದಿಲ್ಲ, ಆಗ ನನ್ನನ್ನೇ ಕರೀತಾರೆ. ನಿಮ್ಮ ಆಫೀಸಿಗೂ ಘಟ್ಟದ ಮೇಲಿಂದ ಕಸ್ಟಮರ್ ಫೋನ್ ಬರ್ತದಲ್ಲ, ಅವರ ಹತ್ರ ಮನೆಮಾತಲ್ಲೇ ಮಾತಾಡಿ, ಮೇಡಂ ಸುದ್ದಿ ಬಂದಾಗ ಮಾತ್ರ ‘ಬಂದ್ರು’ ಅನ್ನಿ. ಸೋಮವಾರ ಊಟಕ್ಕೆ ಅವರ ಟೇಬಲ್ಲಿಗೇ ಹೋಗಿ ಕೂತು ‘ಜೇವಣ ಜಾಲೆಂ?’ ಅಂತ ಕೇಳಿ, ಊಟ ಆಯ್ತಾ ಅಂತ. ಏನಂದ್ರು ಅಂತ ನಮಗೂ ಬರೀರಿ, ಕಾಯ್ತಾ ಇರ್ತೇವೆ.